ದೇವರನ್ನು ಸರಿಸಿ ಕೊಟ್ಟ ಜಾಗ

ನಮ್ಮ ಸಾವಕಾರರ ಹಣೆಯ ವಿಭೂತಿ ಎಂದೂ ಬೆಳ್ಳಗಿರುತ್ತಿರಲಿಲ್ಲ, ತಿಳಿನೀಲಿ. ಜೀನ್ಸ್ ಬಟ್ಟೆಯ ಬಣ್ಣ ಅವರ ಬೆರಳುಗಳಿಗೆ ಎಷ್ಟು ಹತ್ತಿತ್ತೆಂದರೆ, ಹಣೆಗೆ ಮೂರು ಬೆರಳು ಎಳೆದುಕೊಂಡರೆ ವಿಭೂತಿಗೂ ರಾಯದುರ್ಗದ ನೀಲಿ ಅಂಟುತ್ತಿತ್ತು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು ಯಾವುದಕ್ಕೂ ಅದು ಜಗ್ಗಿರಲಿಲ್ಲ. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದರು, ಕರಗಿದರೆ ಕನ್ನಡಕ್ಕೆ ಬರುತ್ತಿದ್ದರು. ಕನ್ನಡ ಕೇಳಿಸಿದ ಮೇಲೆಯೇ ಅವರ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ನಾವು ಉಸಿರು ಬಿಡುತ್ತಿದ್ದುದು.

ನಾನು ಮಡಕಶಿರದ ಹತ್ತಿರದ ಗುಡಿಬಂಡೆಯ ಕಡೆಯವಳು, ಮದುವೆಯಾಗಿ ರಾಯದುರ್ಗಕ್ಕೆ ಬಂದವಳು. ಗಂಡ ಆಟೊ ಓಡಿಸುತ್ತಿದ್ದ. ಲಾರಿ ತಗುಲಿ ಕಾಲು ಮುರಿದು ಅವನು ಮನೆಯಲ್ಲಿ ಕೂತ ಮೇಲೆ ಒಲೆ ಉರಿಯಬೇಕಾದರೆ ನಾನೇ ಹೊಲಿಯಬೇಕಾಯಿತು. ಪ್ಯಾಂಟಿಗೆ ಜಿಪ್ ಹಚ್ಚುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವೂ ನನಗಿತ್ತು. ಆದರೆ ಬೀದಿಯ ಒಂದೊಂದು ಶೆಡ್ಡಿನಲ್ಲೂ ಖಾಲಿ ಮಿಷನ್ನು ಕಣ್ಣಿಗೆ ಕಾಣುತ್ತಿದೆ, ಕೆಲಸ ಮಾತ್ರ ಇಲ್ಲವಂತೆ. ಕೊನೆಗೆ ಒಬ್ಬ ಮಾಲೀಕ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಕೆಲಸ ಐತಿ ತಾಯಿ. ಆದ್ರ ನೀ ಇಪ್ಪತ್ತನೇದಾಕಿ ಆಗ್ತಿ.”

ಹತ್ತೊಂಬತ್ತು ಜನರ ತನಕ ಪಿಎಫ್ ಗೋಜಿಲ್ಲ. ಇಪ್ಪತ್ತಾದರೆ ಎಲ್ಲರಿಗೂ ಕಟ್ಟಬೇಕು. ಕೂಲಿಯಲ್ಲಿ ಒಂದು ಪಾಲು ಹಿಡಿಯಬೇಕು, ಮಾಲೀಕ ತನ್ನ ಪಾಲೂ ಸೇರಿಸಬೇಕು. ಹೊಸ ಕಾರ್ಮಿಕ ಕಾನೂನುಗಳು ಬೇರೆ ಬರುತ್ತವೆಂದು ಗುಲ್ಲೆದ್ದು, ಇದ್ದವರನ್ನೇ ಕಡಿಮೆ ಮಾಡುತ್ತಿದ್ದ ಹೊತ್ತು ಅದು. ಹೆಂಗಸೆಂದು ಬೇಡ ಅಂದವರನ್ನು ನೋಡಿದ್ದೆ, ಹೊರಗಿನವಳೆಂದು ಬೇಡ ಅಂದವರನ್ನೂ ನೋಡಿದ್ದೆ. ಲೆಕ್ಕಕ್ಕೆ ಒಬ್ಬಳು ಹೆಚ್ಚಾಗುತ್ತೇನೆಂದು ಬೇಡವಾದದ್ದು ಅದೇ ಮೊದಲು.

ಸಾವಕಾರರ ಶೆಡ್ಡಿನಲ್ಲೂ ಇಪ್ಪತ್ತನೆಯ ಮಿಷನ್ನಿತ್ತು. ಅದರ ಮೇಲೆ ಶಿವನ ಫೋಟೊ ಇಟ್ಟು ಊದಿನಕಡ್ಡಿ ಹಚ್ಚಿದ್ದರು. ಆಫೀಸರು ಬಂದು ಇಪ್ಪತ್ತು ಮಿಷನ್ ಎಣಿಸಿ ಕೇಳಿದರೆ “ಅದು ದೇವರ ಮಿಷನ್ ಸಾರ್” ಅನ್ನುವುದು ಬೀದಿಯ ರೂಢಿ. ನಾನು ಕೆಲಸ ಕೇಳಿದಾಗ ಸಾವಕಾರರು ಒಬ್ಬನನ್ನು ಎಬ್ಬಿಸಿ ಅವನ ಜಾಗದಲ್ಲಿ ನನ್ನಿಂದ ಒಂದು ಜಿಪ್ ಹಚ್ಚಿಸಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಹೋಗಿ ಶಿವನ ಫೋಟೊವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

“ಅಪ್ಪಾ, ನೀ ಗ್ವಾಡಿಗೆ ಹೋಗು. ಈಕಿ ಕುಂದ್ರಬೇಕು.”

ಓಡುತ್ತಿದ್ದ ಮಿಷನ್ನುಗಳೆಲ್ಲ ಒಟ್ಟಿಗೆ ನಿಂತವು. ಬಟ್ಟೆ ಕತ್ತರಿಸುವ ಮಾಸ್ತರು, ಶೆಡ್ಡಿಗೆ ಹಿರಿಯರು, ಕತ್ತರಿ ಕೆಳಗಿಟ್ಟು ಎದ್ದರು.

“ಏನ್ ಮಾಡಾಕತ್ತೀರಿ ಸಾವಕಾರ್ರ? ಈಕಿ ಒಬ್ಬಾಕಿ ಸಲುವಾಗಿ ನಮ್ಮೆಲ್ಲರ ಕೂಲಿ ಹಿಡೀತೀರೇನು?”

“ಹಿಡೀತೀನಿ. ನಂದೂ ಹಾಕ್ತೀನಿ. ನಾಳೆ ನಿನ್ನ ಕಣ್ಣು ಮಂಜಾದ್ರ ಅದ ರೊಕ್ಕ ಬರ್ತೈತಿ.”

“ಈಗ ಕೈಗೆ ಬರೋದು ಕಡಿಮಿ ಆಗ್ತೈತಲ್ರಿ.”

“ಆಗ್ತೈತಿ. ಬೈಯಿ. ಬೈಕೋಂತ ಕತ್ತರ್ಸು.”

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. “ನಾನು ಹೋಗ್ತೀನಿ ಬಿಡ್ರಿ. ನನ್ನಿಂದ ಇವ್ರಿಗೆಲ್ಲ ಯಾಕೆ ತೊಂದ್ರೆ?” ಅಂದೆ.

“ಕುಂದ್ರು. ಕುಂತ ಮ್ಯಾಗ ಏಳಬ್ಯಾಡ,” ಅಂದರು. ಕನ್ನಡದಲ್ಲಿ ಅಂದರು, ಅದೇ ಧೈರ್ಯ.

ಪಕ್ಕದ ಶೆಡ್ಡಿನ ಮಾಲೀಕರು ಸಂಜೆಗೇ ಓಡಿ ಬಂದರು. “ತಲಿ ಕೆಟ್ಟೈತೇನು ನಿನಗ? ಹೆಂಡ್ತಿ ಹೆಸರಿನಾಗ ಇನ್ನೊಂದು ಶೆಡ್ ತೋರ್ಸು, ಹತ್ತ್ ಹತ್ತು ಮಂದಿ ಹಂಚು, ಮುಗೀತು. ಎಲ್ಲಾರೂ ಮಾಡೋದು ಅದ.” ಸಾವಕಾರರು ಬಾಗಿಲ ಕಡೆ ಕೈ ಮಾಡಿದರು. “ಇರೋದು ಒಂದ ಬಾಗ್ಲ. ಅರ್ಧ ನಂದು, ಅರ್ಧ ಆಕಿದು ಅಂತ ಹೆಂಗ ಹೇಳ್ಲಿ? ಹತ್ತೊಂಬತ್ತರಾಗ ನಿಂತು ನಿಂತು ಬೇಸರಾಗೇತೋ. ಚಲೋ ಕೈ ಬಂದ್ರೂ ವಾಪಸ್ ಕಳಿಸ್ಬೇಕು, ದೇವ್ರನ್ನೂ ಸುಳ್ಳಿಗೆ ಹಚ್ಚಬೇಕು.”

ಮೊದಮೊದಲು ಶೆಡ್ಡಿನವರು ನನ್ನ ಹೆಸರೇ ಎತ್ತುತ್ತಿರಲಿಲ್ಲ. “ಇಪ್ಪತ್ತು ಬಂತು,” “ಇಪ್ಪತ್ತು ನೀರು ಕುಡೀತು” ಅನ್ನುತ್ತಿದ್ದರು. ಒಂದು ದಿನ ಅದು ಸಾವಕಾರರ ಕಿವಿಗೆ ಬಿತ್ತು. ಅವತ್ತು ಸುರಿದ ತೆಲುಗನ್ನು ನಾನು ಇಲ್ಲಿ ಬರೆಯಲಾರೆ. ನನ್ನನ್ನು ಮಾತ್ರ ಅವರು ಬೇರೆ ಥರ ಕಾಡುತ್ತಿದ್ದರು. “ಮಡಕಶಿರದಾಕಿ, ನಿನ್ನ ಮಾತು ಮೆತ್ತಗ, ಹೊಲಿಗಿ ಗಟ್ಟಿ,” ಎಂದು ನಗುತ್ತಿದ್ದರು. ನಾನು ಹಚ್ಚಿದ ಜಿಪ್ಪನ್ನು ಗಿರಾಕಿಗಳ ಮುಂದೆ ಎಳೆದೆಳೆದು ತೋರಿಸುತ್ತಿದ್ದರು.

ಅಂಥ ಮನುಷ್ಯ ಹೋಗಿಬಿಟ್ಟರು. ಹಿಂದಿನ ಸಂಜೆ ಪ್ಯಾಂಟಿನ ಗುಂಡಿ ಸಾಲಲಿಲ್ಲವೆಂದು ಕೂಗಾಡಿದ್ದರು. ಬೆಳಿಗ್ಗೆ ನಾನು ಬಂದಾಗ ಶಟರ್ ಅರ್ಧಕ್ಕೇ ನಿಂತಿತ್ತು. ಅದನ್ನು ಎತ್ತುತ್ತಾ ಎತ್ತುತ್ತಾ ಕುಸಿದರಂತೆ. ನನಗೆ ಅಳುವೂ ಬರಲಿಲ್ಲ. ಬಾಗಿಲಲ್ಲೇ ಊಟದ ಡಬ್ಬಿ ಹಿಡಿದು ನಿಂತುಬಿಟ್ಟಿದ್ದೆನಂತೆ. ಮಾಸ್ತರು ಬಂದು ಕೈಯಿಂದ ಬಿಡಿಸಿಕೊಂಡರು.

ಕರ್ಮ ಮುಗಿದ ಮೇಲೆ ಬಳ್ಳಾರಿಯಿಂದ ಅವರ ಅಳಿಯ ಬಂದು ಶೆಡ್ಡು ವಹಿಸಿಕೊಂಡರು. ಲೆಕ್ಕ ಬರೆಯುವವರನ್ನು ಕರೆಸಿ ನಮ್ಮೆಲ್ಲರ ಎದುರೇ ಹೇಳಿದರು: “ಮತ್ತ ಹತ್ತೊಂಬತ್ತು ಮಾಡೂನ್ರಿ. ಕಡೀಗೆ ಬಂದಾಕಿ ಬಿಡ್ಲಿ.” ಗೋಡೆಯ ಮೇಲಿನ ಶಿವ ಆಗಲೇ ಅಳಿಯನ ಕೈಯಲ್ಲಿದ್ದ, ನನ್ನ ಮಿಷನ್ನಿನ ಮೇಲೆ ಇಡುವುದೊಂದೇ ಬಾಕಿ. ಆದರೂ ನಾನು ಏಳಲಿಲ್ಲ.

ಲೆಕ್ಕದವರು ತಲೆ ಅಲ್ಲಾಡಿಸಿದರು. “ಹಂಗಾಗಂಗಿಲ್ರಿ. ಒಮ್ಮಿ ಇಪ್ಪತ್ತು ಆತಂದ್ರ ಆತು. ಈಕಿನ್ನ ಬಿಟ್ರೂ ಉಳಿದೋರಿಗೆ ಪಿಎಫ್ ಕಟ್ಟೋದ. ನಿಮ್ಮ ಮಾವಗ ಮೊದಲ ಹೇಳಿದ್ದೆ, ವಿಚಾರ ಮಾಡ್ರಿ, ಆಮ್ಯಾಲೆ ಹಿಂದ ಬರಾಕ ಹಾದಿ ಇಲ್ಲ ಅಂತ.”

“ಏನಂದ್ರು?” ಎಂದು ಕೇಳಿದ್ದು ಅಳಿಯನಲ್ಲ, ಮಾಸ್ತರು.

“‘ಚಲೋ ಆತು ಬಿಡ್ರಿ, ನಾ ಸತ್ತ ಮ್ಯಾಗ ಯಾರಿಗೂ ಮತ್ತ ಹತ್ತೊಂಬತ್ತು ಮಾಡೋ ಆಸಿ ಬರಂಗಿಲ್ಲ’ ಅಂದ್ರು.”

ಹಾದಿ ಇಲ್ಲವೆಂದು ಗೊತ್ತಿದ್ದೇ ಆ ಮನುಷ್ಯ ನನ್ನನ್ನು ಕೂರಿಸಿದ್ದರು! ಅವರು ಸತ್ತ ದಿನ ಬಾರದ ಅಳು ನನಗೆ ಆಗ ಬಂತು. ಮಾಸ್ತರು ಅಳಿಯನ ಕೈಯಿಂದ ಫೋಟೊ ಇಸಿದುಕೊಂಡು, ಸ್ಟೂಲು ಹತ್ತಿ, ಶಿವನನ್ನು ಮತ್ತೆ ಗೋಡೆಗೆ ಹಾಕಿದರು.

ಈಗ ಅದರ ಪಕ್ಕದಲ್ಲಿ ಸಾವಕಾರರ ಫೋಟೊ ಇದೆ. ಸ್ಟುಡಿಯೊದವನು ಅವರ ವಿಭೂತಿಯನ್ನು ತಿದ್ದಿ ತೀಡಿ ಬೆಳ್ಳಗೆ ಮಾಡಿಟ್ಟಿದ್ದಾನೆ. ಬೆಳಿಗ್ಗೆ ಕೂರುವ ಮೊದಲು ಗಾಜಿನ ಧೂಳು ಒರೆಸುವುದು ನಾನೇ. ನನ್ನ ಬೆರಳಿಗೂ ಈಗ ನೀಲಿ ಹತ್ತಿದೆ, ಅದು ಅವರ ಹಣೆಯ ಮೇಲೆ ಮೂಡುತ್ತದೆ. ನಾನು ಅದನ್ನು ಒರೆಸುವುದಿಲ್ಲ.