ಸುಣ್ಣ ಬೆರೆಸಿದ ನೀಲಿ

ಆಗ ನಮಗೆ ಬಣ್ಣ ಅಂದರೆ ಗೋಡೆಗೆ, ಬಾಗಿಲಿಗೆ, ಎತ್ತಿನ ಕೊಂಬಿಗೆ. ಕಾಗದಕ್ಕೆ ಹಚ್ಚಲು ದುಡ್ಡು ಕೊಟ್ಟು ಬಣ್ಣ ತರುತ್ತಾರೆ ಅನ್ನುವುದು ಭದ್ರಾವತಿಯ ನ್ಯೂ ಟೌನಿನ ನಮ್ಮ ಸಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕ್ವಾರ್ಟರ್ಸಿನ ಮನೆ, ಒಂದು ರೂಮು, ಒಂದು ಅಡುಗೆಮನೆ, ಹಿಂದುಗಡೆ ಬಚ್ಚಲು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆ. ನನ್ನ ಅಕ್ಕ ಶಾರದ ಹೈಸ್ಕೂಲಿಗೆ ಹೋಗುತ್ತಿದ್ದಳು. ಇಬ್ಬರಲ್ಲಿ ಒಬ್ಬಳು ಓದಲಿ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಅವಳ ತಲೆ ಚೆನ್ನಾಗಿತ್ತು, ಅವಳು ಹೋದಳು. ಹೊಟ್ಟೆ ಉರಿಯುತ್ತಿರಲಿಲ್ಲ ಅಂದರೆ ಸುಳ್ಳು.

ಅಕ್ಕನಿಗೆ ಚಿತ್ರದ ಹುಚ್ಚು. ಒಲೆಯಿಂದ ಇದ್ದಿಲು ತೆಗೆದು ಬಚ್ಚಲ ಕಲ್ಲಿನ ಮೇಲೆ ಪಕ್ಕದ ಮನೆಯ ಸೆಲ್ವಮ್ಮ ನೀರು ಹೊತ್ತು ಬರುವುದನ್ನು ಬರೆದಿದ್ದಳು. ಮುಖ ಬರೆದಿರಲಿಲ್ಲ, ಬರೀ ಬೆನ್ನು. ಆದರೂ ನೋಡಿದವರೆಲ್ಲ ಸೆಲ್ವಮ್ಮ ಅಂದರು. ಸೆಲ್ವಮ್ಮನೇ ಬಂದು ನೋಡಿ, ನನ್ನ ಸೊಂಟ ಅಷ್ಟು ದಪ್ಪ ಇದೆಯಾ ಅಂತ ಜಗಳ ತೆಗೆದಳು.

ಅವಳ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಮನೆಗೆ ಬಂದು, ಈ ಹುಡುಗಿಯನ್ನು ಡ್ರಾಯಿಂಗಿನ ಲೋಯರ್ ಪರೀಕ್ಷೆಗೆ ಕೂರಿಸಿ ಅಂದರು. ಅದು ಪಾಸಾದರೆ ಹೈಯರ್, ಅದೂ ಆದರೆ ಮುಂದೆ ಡ್ರಾಯಿಂಗ್ ಟೀಚರ್ ಕೆಲಸ ಸಿಗಬಹುದು ಅಂತ ವಿವರಿಸಿದರು. ಅದೇ ಹೊತ್ತಿಗೆ ಹೊಳೆಹೊನ್ನೂರಿನಿಂದ ಅಕ್ಕನನ್ನು ಕೇಳಿಕೊಂಡು ಬಂದಿದ್ದರು. ದಿನಸಿ ಅಂಗಡಿಯವರು. ಹುಡುಗ ಅಕ್ಕನಿಗಿಂತ ಬಹಳ ದೊಡ್ಡವನು. ಅಮ್ಮನಿಗೆ ಒಪ್ಪಿಗೆ. ಅಕ್ಕ ಊಟ ಬಿಟ್ಟಳು. ಅಪ್ಪ ಎರಡು ಕಡೆಗೂ ಒಂದೇ ಮಾತು ಹೇಳಿದ:

"ಪಾಸಾದ್ರೆ ಓದ್ಲಿ, ನಾನು ಅಡ್ಡ ಬರಲ್ಲ. ಇಲ್ಲಾಂದ್ರೆ ಮಾಘದಲ್ಲಿ ಮದುವೆ."

ಪರೀಕ್ಷೆ ಬರುವ ತನಕ ಅಕ್ಕ ಅಡುಗೆಮನೆಯ ಸಾಮಾನಿನಲ್ಲೇ ಬಣ್ಣ ಮಾಡಿಕೊಂಡು ಕಲಿತಳು. ಅರಿಶಿನ, ಕುಂಕುಮ, ಇದ್ದಿಲು, ಬಟ್ಟೆಗೆ ಹಾಕುವ ನೀಲಿ. ಇವಕ್ಕೆಲ್ಲ ಜಾಲಿಮರದ ಅಂಟು. ಬಿಳಿಗೆ ಸುಣ್ಣ. ದೀಪಾವಳಿಗೆ ಮುಂಚೆ ಗೋಡೆಗೆ ಬಳಿದು ಮಿಕ್ಕ ಸುಣ್ಣ ಬಚ್ಚಲಲ್ಲಿ ಒಂದು ಗಡಿಗೆ ಇತ್ತು. ನಮ್ಮ ಸಾಲಿನಲ್ಲಿ ಎಲ್ಲರೂ ಸುಣ್ಣಕ್ಕೆ ಚಿಟಿಕೆ ನೀಲಿ ಕಲಸಿಯೇ ಗೋಡೆಗೆ ಹೊಡೆಯುವುದು. ಅಕ್ಕ ಅದನ್ನೇ ಕಾಗದಕ್ಕೆ ಹಚ್ಚಿದಳು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಆಕಾಶ ಬಂತು. ಅಮ್ಮ ಕೂಡ ಒಲೆ ಬಿಟ್ಟು ಎದ್ದು ಬಂದು ನೋಡಿದಳು. ಅರಿಶಿನಕ್ಕೆ ಮಾತ್ರ ಅಕ್ಕ ಸುಣ್ಣ ಸೋಕಿಸುತ್ತಿರಲಿಲ್ಲ. ಸೋಕಿದರೆ ಆರತಿ ನೀರಿನ ಹಾಗೆ ಕೆಂಪಾಗುತ್ತದೆ ಅಂತ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪರೀಕ್ಷೆಗೆ ಮಾತ್ರ ಅಂಗಡಿಯ ಬಣ್ಣವೇ ಆಗಬೇಕು ಅಂತ ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು. ಪೋಸ್ಟರ್ ಕಲರ್ ಅಂತ ಅದರ ಹೆಸರು. ಸಂಬಳವಾದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಗಾಂಧಿ ಬಜಾರಿನಲ್ಲಿ ಪುಸ್ತಕದ ಅಂಗಡಿ. ಗಾಜಿನ ಕಪಾಟಿನಲ್ಲಿ ಪುಟ್ಟ ಪುಟ್ಟ ಬಾಟಲಿಗಳು, ತಗಡಿನ ಮುಚ್ಚಳ. ಅಂಗಡಿಯವನು ಒಂದನ್ನು ತೆರೆದು ತೋರಿಸಿದ. ಒದ್ದೆ ಮಣ್ಣಿಗೆ ಅಂಟು ಕಲಸಿದ ಹಾಗೆ ಒಂಥರಾ ವಾಸನೆ ಬಂತು. ಅಕ್ಕ ಬಗ್ಗಿ ಬಗ್ಗಿ ಮೂಸಿದಳು. ಊಟದ ಸಾಮಾನಾ ಅದು ಅಂತ ಅಪ್ಪ ಗದರಿದ.

ಎಲ್ಲ ಬಣ್ಣ ಇರುವ ಡಬ್ಬಿ ಪೂರ್ತಿ ಕೊಳ್ಳುವ ಮಾತೇ ಇರಲಿಲ್ಲ. ಅಪ್ಪನ ಜೇಬಿಗೆ ನಾಲ್ಕು ಬಾಟಲಿ ಹೊಂದುತ್ತಿತ್ತು, ಅಷ್ಟೇ. ಅಂಗಡಿಯವನು ಬೇರೆ ಬಣ್ಣ ಚಿಕ್ಕದಿದ್ದರೂ ಸಾಕು, ಬಿಳಿ ಮಾತ್ರ ದೊಡ್ಡ ಬಾಟಲಿ ತಗೊಳ್ಳಿ, ಎಲ್ಲದಕ್ಕೂ ಅದೇ ಬೇಕು ಅಂದ. ಹೋಗದ ಮಾಲನ್ನು ಇವನು ನಮ್ಮ ತಲೆಗೆ ಕಟ್ಟುತ್ತಿದ್ದಾನೆ ಅಂತ ಅಪ್ಪನ ಲೆಕ್ಕ.

"ಬಿಳಿಗೆ ಯಾರಾದ್ರೂ ದುಡ್ಡು ಕೊಡ್ತಾರೇನ್ರೀ? ಮನೇಲಿ ಗಡಿಗೆ ತುಂಬ ಸುಣ್ಣ ಬಿದ್ದಿದೆ."

"ನಿಮ್ಮಿಷ್ಟ ಸ್ವಾಮಿ. ಸುಣ್ಣ ತಿನ್ನೋದಕ್ಕೆ ಎಲೆ ಅಡಿಕೆ ಆ ಕಡೆ ಅಂಗಡೀಲಿ ಸಿಗುತ್ತೆ," ಅಂದ ಅವನು.

ಅಪ್ಪನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ನೀಲಿ ಆರಿಸಿದ. ಎರಡು ಥರದ ನೀಲಿ ಇತ್ತು. ಒಂದು ನಮ್ಮ ಬಟ್ಟೆ ನೀಲಿಯ ಹಾಗೆ, ಇನ್ನೊಂದು ಕಪ್ಪಿಗೆ ಹತ್ತಿರ. ಕಪ್ಪಗಿರುವುದೇ ಇರಲಿ, ಸುಣ್ಣ ಹಾಕಿದಷ್ಟೂ ಹೆಚ್ಚುತ್ತದೆ, ಒಂದು ಬಾಟಲಿ ಎರಡರಷ್ಟು ಬರುತ್ತದೆ ಅಂದ. ಅಕ್ಕನೂ ಹೌದು ಅಂದಳು. ಅವಳನ್ನು ಯಾರೂ ಬಲವಂತ ಮಾಡಲಿಲ್ಲ. ಅವಳಿಗೂ ಅದು ಸರಿ ಅಂತಲೇ ಕಂಡಿತು. ಕೆಂಪು, ಹಳದಿ, ಕಪ್ಪು, ಆ ನೀಲಿ. ನಾಲ್ಕು ಬಾಟಲಿ ಹಿಡಿದುಕೊಂಡು ಮಂಡಕ್ಕಿ ತಿನ್ನುತ್ತಾ ಬಸ್ಸಿಗೆ ಬಂದೆವು. ಅಪ್ಪ ಗೆದ್ದವನ ಹಾಗೆ ನಡೆಯುತ್ತಿದ್ದ.

ಮನೆಗೆ ಬಂದ ಮೇಲೆ ಅಮ್ಮ ಬಾಟಲಿಗಳನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಪರೀಕ್ಷೆಯ ದಿನದ ತನಕ ಮುಚ್ಚಳ ತೆಗೆಯಕೂಡದು ಅಂತಾಯಿತು. ಖರ್ಚಾಗುತ್ತದೆ ಅನ್ನುವುದು ಅಪ್ಪನ ಭಯ, ದೇವರ ಮುಂದಿನದನ್ನು ಎಂಜಲು ಮಾಡಬಾರದು ಅನ್ನುವುದು ಅಮ್ಮನ ಮಡಿ. ಅಕ್ಕ ದಿನಾ ಅವನ್ನು ನೋಡುತ್ತಿದ್ದಳು. ಒಂದು ಸಲ ಕೂಡ ತೆರೆಯಲಿಲ್ಲ. ಹೇಳಿದ ಮಾತು ಕೇಳುವವಳು.

ಪರೀಕ್ಷೆ ಶಿವಮೊಗ್ಗದ ಒಂದು ಸ್ಕೂಲಿನಲ್ಲಿ. ಕೊನೆಯ ಪೇಪರು ಬಣ್ಣದ್ದು. ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ಬರೆಯಬೇಕಿತ್ತು. ಭದ್ರಾ ಹೊಳೆಯಲ್ಲಿ ಬಟ್ಟೆ ಒಗೆದೇ ದೊಡ್ಡವಳಾದವಳಿಗೆ ಅದಕ್ಕಿಂತ ಸುಲಭ ಏನಿದೆ? ಅಪ್ಪ ಅಂಗಳದ ಮರದ ಕೆಳಗೆ ಬೀಡಿ ಸೇದುತ್ತಾ ಕೂತ. ನಾನು ಕಿಟಕಿಯ ಹೊರಗೆ ಕಲ್ಲಿನ ಮೇಲೆ ನಿಂತೆ. ಅಕ್ಕ ಕಿಟಕಿಗೆ ಹತ್ತಿರದ ಬೆಂಚಿನಲ್ಲೇ ಇದ್ದಳು.

ಹೆಂಗಸರನ್ನು ಮೊದಲು ಬರೆದಳು. ಒಬ್ಬಳು ಬಗ್ಗಿ ಸೀರೆ ಹಿಂಡುತ್ತಿದ್ದಳು, ಇನ್ನೊಬ್ಬಳು ಕಲ್ಲಿಗೆ ಬಡಿಯಲು ಕೈ ಎತ್ತಿದ್ದಳು. ಆಮೇಲೆ ತೆಂಗಿನ ಚಿಪ್ಪಿನಲ್ಲಿ ಮನೆಯಿಂದ ತಂದ ಸುಣ್ಣಕ್ಕೆ ನೀಲಿ ಬಿಟ್ಟು ಕಲಸಿ, ಆಕಾಶಕ್ಕೂ ನೀರಿಗೂ ಒಟ್ಟಿಗೇ ಹಚ್ಚಿದಳು. ಹಚ್ಚುವಾಗ ಚೆಂದವೇ ಇತ್ತು. ನನ್ನ ಕಡೆ ತಿರುಗಿ ಸ್ವಲ್ಪ ನಕ್ಕಳು.

ಒಣಗುತ್ತಾ ಬಂದ ಹಾಗೆ ಅಂಚಿನಿಂದ ಬಣ್ಣ ತಿರುಗಿತು. ಮೊದಲು ಹಸಿರು ಛಾಯೆ. ಆಮೇಲೆ ಕೊಳೆ. ಕೊನೆಗೆ ತುಕ್ಕು ಹಿಡಿದ ಬಕೆಟ್ಟು ತೊಳೆದ ನೀರಿನ ಬಣ್ಣ. ಅಕ್ಕ ಮೇಲಿನಿಂದ ಇನ್ನೊಂದು ಸಲ ಹಚ್ಚಿದಳು, ಅದೂ ಹಾಗೇ ಹೋಯಿತು. ಮತ್ತೆ ಹಚ್ಚಿದಳು. ಸುಣ್ಣ ದಪ್ಪವಾಗಿ ಹೆಂಗಸರ ಮೇಲೆ ಹರಿಯಿತು. ಚಿಪ್ಪಿನಲ್ಲಿದ್ದದ್ದು ಕೂಡ ಕಂದಿತ್ತು. ಆಮೇಲೆ ಅವಳು ಕುಂಚ ಕೆಳಗಿಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಟೆ ಹೊಡೆಯುವ ತನಕ ಕೂತಳು. ಅಳಲಿಲ್ಲ. ಅತ್ತಿದ್ದರೆ ಯಾರಾದರೂ ಮೇಷ್ಟ್ರು ಹತ್ತಿರ ಬಂದು ಕೇಳುತ್ತಿದ್ದರೋ ಏನೋ.

ಹೊರಗೆ ಬಂದು ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ನೀಲಿ ಸತ್ತೋಯ್ತು ಅಪ್ಪ."

ಬಣ್ಣ ಸಾಯುತ್ತಾ, ಕೈ ನಡುಗಿ ಕೆಡಿಸಿಕೊಂಡೆ ಅನ್ನು ಅಂತ ಅಪ್ಪ ದಾರಿಯುದ್ದಕ್ಕೂ ಬೈದ. ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಬಚ್ಚಲಿಗೆ ಹೋಗಿ ಚಿಪ್ಪಿಗೆ ಸುಣ್ಣ ತೋಡಿ, ಮಿಕ್ಕ ನೀಲಿಯನ್ನು ಅದಕ್ಕೆ ಸುರಿದು ಬೆರಳಿನಲ್ಲಿ ತಿರುವಿದ. ನೋಡುತ್ತಾ ಕೂತ. ಆಮೇಲೆ ಚಿಪ್ಪನ್ನು ಮೋರಿಗೆ ಬೋರಲು ಹಾಕಿ, ಕೈ ತೊಳೆದು, ಊಟಕ್ಕೆ ಬಡಿಸು ಅಂದ. ಅವತ್ತಿನಿಂದ ಆ ವಿಷಯಕ್ಕೆ ಅಕ್ಕನನ್ನು ಬೈಯಲಿಲ್ಲ.

ಫಲಿತಾಂಶ ಬಂದ ಮೇಲೆ ಮೇಷ್ಟ್ರು ಮತ್ತೆ ಬಂದರು. ಅಮ್ಮ ಕಾಫಿ ಕೊಟ್ಟಳು. ಬಟ್ಟೆ ನೀಲಿ ಸುಣ್ಣಕ್ಕೆ ತಡೆಯುತ್ತದೆ, ಈ ಕಪ್ಪು ನೀಲಿ ತಡೆಯುವುದಿಲ್ಲ, ಸುಣ್ಣ ಅದನ್ನು ತಿಂದುಹಾಕುತ್ತದೆ ಅಂತ ಅವರು ತಿಳಿಸಿ ಹೇಳಿದರು. ತಾವೇ ಮುಂಚೆ ಒಂದು ಸಲ ಕೇಳಬೇಕಿತ್ತು ಅಂತ ಹಣೆ ಚಚ್ಚಿಕೊಂಡರು. ಅರಿಶಿನ ಸುಣ್ಣದಲ್ಲಿ ಬಣ್ಣ ಬದಲಿಸುವುದನ್ನು ದಿನಾ ಕಂಡ ನಾವು ಮೂವರು ಹೆಂಗಸರು ಬಾಗಿಲ ಹಿಂದೆ ನಿಂತು ಕೇಳಿದೆವು. ನೀಲಿಗೆ ಏನಾದೀತು ಅಂತ ಒಬ್ಬಳಿಗೂ ತಲೆಗೆ ಹೋಗಿರಲಿಲ್ಲ.

"ಬಣ್ಣ ಕೈ ಕೊಡ್ತು ಅಷ್ಟೆ ಮಾರಾಯ್ರೇ, ಹುಡುಗೀದು ಏನೂ ತಪ್ಪಿಲ್ಲ. ಇನ್ನೊಂದು ವರ್ಷ ತಡೀರಿ," ಅಂದರು ಮೇಷ್ಟ್ರು.

ಅಪ್ಪ ಕಾಫಿ ಲೋಟ ಕೆಳಗಿಟ್ಟ. ಅಕ್ಕ ನನ್ನ ರಟ್ಟೆ ಹಿಡಿದುಕೊಂಡಿದ್ದಳು, ಉಗುರು ಊರಿತ್ತು.

"ನಾನು ಆಡಿದ ಮಾತು ಬೇರೆ ಮೇಷ್ಟ್ರೇ. ಪಾಸಾದ್ರೆ ಅಂದಿದ್ದೆ. ಆಗ್ಲಿಲ್ಲ. ಗಂಡಿನ ಕಡೆಯೋರಿಗೆ ನೀಲಿ ಕತೆ ಹೇಳೋಕಾಗುತ್ತಾ?"

ಅಕ್ಕ ನನ್ನ ರಟ್ಟೆ ಬಿಟ್ಟಳು. ತಪ್ಪು ಯಾರದ್ದು ಅಂತ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಅಂದ. ಇನ್ನೊಂದು ವರ್ಷ ತಡೆದಿದ್ದರೆ ತಪ್ಪು ತನ್ನದೇ ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು. ಮಾಘದಲ್ಲಿ ಮದುವೆಯಾಯಿತು.

ಅವಳ ಸಂಸಾರ ಕೆಟ್ಟದಾಗೇನೂ ನಡೆಯಲಿಲ್ಲ. ಗಂಡ ಹೊಡೆಯುವವನಲ್ಲ. ಅಂಗಡಿ ಬೆಳೆಯಿತು, ಮಕ್ಕಳಾದವು, ಶಿವಮೊಗ್ಗದ ನವುಲೆಯಲ್ಲಿ ಮನೆ ಕಟ್ಟಿದರು. ಹೋದ ವರ್ಷ ಅಕ್ಕ ತೀರಿಕೊಂಡಳು. ಅವಳ ತಿಥಿಗೆ ಹೋದಾಗ ಮೊಮ್ಮಗಳು ರೂಮಿನಲ್ಲಿ ಚಿತ್ರ ಬರೆಯುತ್ತಾ ಕೂತಿದ್ದಳು. ಗ್ವಾಶ್ ಅಂತೆ, ಟ್ಯೂಬಿನಲ್ಲಿ ಬರುತ್ತದೆ. ಕೇಳಿದರೆ ಆಗಿನ ಪೋಸ್ಟರ್ ಕಲರ್ ಜಾತಿಯದೇ. ಫೋನಿನಲ್ಲಿ ಹುಡುಕಿ, ಅಗ್ಗದ್ದರಲ್ಲಿ ಒಳ್ಳೆಯದು ಯಾವುದು ಅಂತ ಹತ್ತು ಜನ ಹೇಳಿದ್ದನ್ನು ಕೇಳಿ ತರಿಸಿಕೊಂಡಿದ್ದಳು. ಬಿಳಿಯದೊಂದೇ ದೊಡ್ಡದಿತ್ತು.

"ನಮ್ಮನೇಲಿ ಯಾರಿಗೂ ಚಿತ್ರ ಬರಲ್ಲ ಚಿಕ್ಕಜ್ಜಿ. ನಂಗೆ ಎಲ್ಲಿಂದ ಬಂತೋ."

ನಿಮ್ಮಜ್ಜಿಯಿಂದ ಅಂದೆ. ಅವಳಪ್ಪ, ಅಕ್ಕನ ಮಗ, ಅಲ್ಲೇ ಬಾಳೆಲೆ ಒರೆಸುತ್ತಿದ್ದವನು ತಲೆ ಎತ್ತಿ ನಕ್ಕ.

"ಅಮ್ಮಂಗಾ? ಬಾಗ್ಲಿಗೆ ರಂಗೋಲಿ ಕೂಡ ಹಾಕ್ತಿರ್ಲಿಲ್ಲ ಚಿಕ್ಕಮ್ಮ. ಕೆಲಸದವಳ ಕೈಲಿ ಹಾಕಿಸ್ತಿದ್ಲು. ನಿಮಗೆ ಯಾರದೋ ನೆನಪು."

ತೋರಿಸೋಣ ಅಂದರೆ ನನ್ನ ಹತ್ತಿರ ಒಂದು ಗೆರೆಯೂ ಇಲ್ಲ. ಕ್ವಾರ್ಟರ್ಸು ಬಿಟ್ಟ ದಿನ ಕ್ಯಾಲೆಂಡರಿನ ಹಾಳೆಗಳನ್ನೆಲ್ಲ ಅಮ್ಮ ನೀರೊಲೆಗೆ ಹಾಕಿದ್ದಳು. ಅಪ್ಪ, ಅಮ್ಮ, ಮೇಷ್ಟ್ರು, ಸೆಲ್ವಮ್ಮ ಯಾರೂ ಈಗಿಲ್ಲ. ತಮ್ಮನಿಗೆ ಆಗ ನೆನಪಿಡುವ ವಯಸ್ಸಲ್ಲ. ಅವಳು ಬರೆದದ್ದನ್ನು ಕಂಡವರಲ್ಲಿ ಉಳಿದಿರುವುದು ನಾನೊಬ್ಬಳು, ನನ್ನ ಮಾತನ್ನು ಅವಳು ಹೆತ್ತ ಮಗನೇ ನಂಬುವುದಿಲ್ಲ.