ಕೌದಿಯ ನಾಲ್ಕನೆಯ ಮೂಲೆ

ನಮ್ಮ ಮನೆಯವರು ನಿವೃತ್ತರಾದ ಮರುತಿಂಗಳೇ, ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಕೌದಿ ಮಾರುವುದಾಗಿ ಘೋಷಿಸಿದರು. ಘೋಷಣೆ ಅಂತಲೇ ಅನ್ನಬೇಕು, ಯಾಕೆಂದರೆ ಊಟ ಅರ್ಧಕ್ಕೆ ಬಿಟ್ಟು ಎದ್ದು ನಿಂತು ಹೇಳಿದರು. ಹುಟ್ಟಿದಾಗಿನಿಂದ ಸೂಜಿಗೆ ದಾರ ಪೋಣಿಸಿದವರಲ್ಲ. ಅಂಗಿಯ ಗುಂಡಿ ಕಿತ್ತುಬಂದರೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುವ ಮನುಷ್ಯ. ಇಂಥವರು ಕೌದಿಯನ್ನು ಜಗತ್ತಿಗೆ ಪರಿಚಯಿಸುತ್ತಾರಂತೆ. ನಾನು ಸಾರು ಬಡಿಸಿದೆ.

ಮೊದಲು ಹೆಸರು ಬೇಕಂತೆ. ಮಗಳು ಹುಟ್ಟಿದಾಗ ಅವಳ ಹೆಸರಿಗೆ ಇದರ ಕಾಲುಭಾಗವೂ ತಲೆ ಕೆಡಿಸಿಕೊಂಡಿರಲಿಲ್ಲ. ಆಮೇಲೆ ಲೋಗೋ. ಒಂದು ಸೂಜಿ ಭೂಮಿಯ ಗೋಳವನ್ನು ಚುಚ್ಚಿಕೊಂಡು ಆಚೆ ಹೊರಟ ಚಿತ್ರ. ಪಾಪ, ಭೂಮಿ ಇವರಿಗೇನು ಮಾಡಿತ್ತೋ! ಆಮೇಲೆ ಸವಣೂರಿನಲ್ಲಿ ಆ ಚಿತ್ರ ಹಾಕಿಸಿ ರಟ್ಟಿನ ಡಬ್ಬಿ ಮಾಡಿಸಿಕೊಂಡು ಬಂದರು. ಡಬ್ಬಿಗಳು ಪಡಸಾಲೆ ತುಂಬಿದ ಮೇಲೆ ಗೊತ್ತಾಯಿತು, ಅದರಲ್ಲಿ ಎರಡು ಟವೆಲ್ ಹಿಡಿಸುತ್ತವೆ, ಕೌದಿ ಹಿಡಿಸುವುದಿಲ್ಲ. ಒಂದು ಕೌದಿಯನ್ನು ಮಡಚಿ ಅಳತೆ ತೆಗೆಯಬೇಕು ಅಂತ ಇವರಿಗೆ ಹೊಳೆದೇ ಇರಲಿಲ್ಲ. ಈಗ ಅವುಗಳಲ್ಲಿ ನಾನು ಬೆಳ್ಳುಳ್ಳಿ, ಹುಣಸೆಹಣ್ಣು ಇಡುತ್ತೇನೆ.

ಶಿಗ್ಗಾವಿಯ ಒಂದು ಕಲ್ಯಾಣ ಮಂಟಪದಲ್ಲಿ ಅರ್ಧ ದಿನದ ತರಬೇತಿಗೂ ಹೋಗಿ ಬಂದರು. ಅಲ್ಲಿ ಯಾರೋ ಕೋಟು ಹಾಕಿಕೊಂಡವನು, ಕಣ್ಣು ಮುಚ್ಚಿ ನಿಮ್ಮ ಗಿರಾಕಿಯ ಮುಖ ಕಾಣಿ ಎಂದನಂತೆ. ಇವರು ಕಂಡರಂತೆ. ಕೊರಳಿಗೆ ಹಾಕಿದ್ದ ಗುರುತಿನ ಪಟ್ಟಿಯನ್ನು ರಾತ್ರಿ ಊಟಕ್ಕೆ ಕೂತಾಗಲೂ ತೆಗೆಯಲಿಲ್ಲ. ಅದು ಪಲ್ಯದಲ್ಲಿ ಮುಳುಗಿತು.

ಹಳೆ ಸೀರೆಯ ಕೌದಿ ಅಂದರೆ ಗಿರಾಕಿ ಅಸಹ್ಯ ಪಡುತ್ತಾನೆ, ಅದಕ್ಕೆ ಹೊಸ ಬಟ್ಟೆ ತಂದು, ಒಗೆದು ಒಗೆದು ಹಳೆಯದರ ಹಾಗೆ ಮಾಡಬೇಕು ಎನ್ನುವುದು ಅವರ ಇನ್ನೊಂದು ಯೋಚನೆ. ಒಗೆಯುವವರು ಯಾರು ಅಂತ ನಾನು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

"ಹೊಲಿಯೋರು ಯಾರ್ರೀ?"

"ಓಣಿ ಹೆಣ್ಮಕ್ಕಳು ಅದಾರಲ್ಲ. ಕರೆದ್ರ ಬರ್ತಾರ. ಯಾವಾಗ್ಲೂ ಬರ್ತಾರಲ್ಲ?"

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಹಾನಗಲ್ಲಿನ ನಮ್ಮ ಓಣಿಯಲ್ಲಿ ಕೌದಿಯನ್ನು ಯಾರೂ ಒಬ್ಬರೇ ಹೊಲಿಯುವುದಿಲ್ಲ. ಯಾರ ಮನೆಯಲ್ಲಿ ಹಳೆ ಬಟ್ಟೆ ಕೂಡಿದೆಯೋ ಅವರು ಪಡಸಾಲೆಯಲ್ಲಿ ಹಾಸುತ್ತಾರೆ, ಉಳಿದವರು ಮಧ್ಯಾಹ್ನದ ಕೆಲಸ ಮುಗಿಸಿ ಸೂಜಿ ತೆಗೆದುಕೊಂಡು ಬರುತ್ತಾರೆ. ಮೂಲೆಗೊಬ್ಬರು ಕೂತು ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತೇವೆ. ಹಾಡು ಇರುತ್ತದೆ, ಚಹಾ ಇರುತ್ತದೆ, ಬೀಗರ ಮೇಲಿನ ಚಾಡಿ ಇದ್ದೇ ಇರುತ್ತದೆ. ಇದು ಮುಯ್ಯಿ. ಇವತ್ತು ನನ್ನ ಮನೆಗೆ ನೀನು ಬಂದರೆ ನಾಳೆ ನಿನ್ನ ಮನೆಗೆ ನಾನು. ಪಕ್ಕದ ಮನೆಯ ಆಯಿ ಒಂದು ಮೂಲೆ, ಎದುರು ಮನೆಯ ಚಾಚಿ ಒಂದು ಮೂಲೆ, ಅವಳ ಸೊಸೆ ಒಂದು ಮೂಲೆ. ನಾಲ್ಕನೆಯದು ನನ್ನದು. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ, ಅತ್ತೆ ಬೈದು ನಾನು ಹಿತ್ತಲಲ್ಲಿ ಅಳುತ್ತಿದ್ದಾಗ, ಇದೇ ಆಯಿ ನನ್ನ ಕೈ ಹಿಡಿದು ಕರೆದೊಯ್ದು ಆ ಮೂಲೆಯಲ್ಲಿ ಕೂರಿಸಿದ್ದಳು. ಈ ಊರಿನಲ್ಲಿ ನನ್ನದು ಅಂತ ಏನಾದರೂ ಇದ್ದರೆ ಅದು ಆ ಜಾಗ. ಇವರ ವ್ಯಾಪಾರ ಹಾಳಾಗಿ ಹೋಗಲಿ, ನನಗೆ ಭಯವಾದದ್ದು ಆ ಜಾಗ ಎಲ್ಲಿ ಹೋದೀತೋ ಅಂತ.

"ನಾ ಅವರ ಮನೀಗೆ ಹೋಗ್ತೇನಿ ಅಂತ ಅವರು ಬರ್ತಾರ್ರೀ. ನಿಮ್ಮ ಗಿರಾಕಿ ಬಂದು ಆಯಿ ಕೌದಿ ಹೊಲೀತಾನೇನು?" ಎಂದೆ.

"ನಿನಗ ಬಿಸಿನೆಸ್ ತಿಳಿಯಂಗಿಲ್ಲ. ಕೂಲಿ ಕೊಟ್ರ ಆತು."

ಅದೇ ಹೊತ್ತಿಗೆ ಹಿರೇಕೆರೂರಿಗೆ ಕೊಟ್ಟ ನಮ್ಮ ಮಗಳಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು. ಹುಟ್ಟುವ ಕೂಸಿಗೆ ಅಂತ ನನ್ನ ಅವ್ವನ ಸೀರೆಗಳನ್ನು ತೆಗೆದಿಟ್ಟಿದ್ದೆ. ಉಟ್ಟು ಉಟ್ಟು ಮೆತ್ತಗಾದ ಸೀರೆಗಳು. ಒಂದು ಮಧ್ಯಾಹ್ನ ಓಣಿಯವರನ್ನು ಕರೆದೆ. ಎಲ್ಲರೂ ಬಂದರು. ಚಾಚಿ ಎಲೆ ಅಡಿಕೆ ತಂದಳು, ಆಯಿ ತನ್ನ ಹಳೆ ದಪ್ಪ ಸೂಜಿ ತಂದಳು. ಕಡೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಟ್ಟು ಹೊಲಿಯುವುದು ನಮ್ಮ ಮನೆಯ ರೂಢಿ, ಹೊದ್ದವರು ಹಸಿದು ಮಲಗಬಾರದು ಅಂತ. ಆ ಚೂರನ್ನೂ ಸಿದ್ಧ ಮಾಡಿ ಇಟ್ಟಿದ್ದೆ. ಹಾಡು ಶುರುವಾಯಿತು. ಅವ್ವ ನೆನಪಾಗಿ ನನ್ನ ಕಣ್ಣು ತುಂಬಿ ಬಂದವು, ಆದರೂ ಅಂದು ನಾನು ಬಹಳ ಸುಖವಾಗಿದ್ದೆ.

ಆಗ ನಮ್ಮ ಉದ್ಯಮಿಗಳು ಒಳಗೆ ಬಂದರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಉದ್ದ ಕೋಲಿನ ತುದಿಗೆ ಬಳೆಯಾಕಾರದ ದೀಪ. ಹಾಡುಹಗಲಿನಲ್ಲಿ ದೀಪ! ಅದನ್ನು ತಂದು ಆಯಿಯ ಮುಖದ ಮುಂದೆ ನಿಲ್ಲಿಸಿದರು. ಆಯಿ ಸೆರಗು ಅಡ್ಡ ಹಿಡಿದಳು.

"ನಿಲ್ಲಿಸಬ್ಯಾಡ್ರಿ, ಹಾಡ್ರಿ ಹಾಡ್ರಿ. ಆಯಿ, ಸ್ವಲ್ಪ ನಗ್ರಿ," ಎಂದರು. ಯಾರೂ ಹಾಡಲಿಲ್ಲ. ಅಷ್ಟಕ್ಕೆ ಬಿಟ್ಟಿದ್ದರೂ ನಾನು ಹೇಗೋ ಸಂಭಾಳಿಸುತ್ತಿದ್ದೆ. ಆದರೆ ಇವರು ಗಂಟಲು ಸರಿಮಾಡಿಕೊಂಡು ಭಾಷಣ ಶುರು ಮಾಡಿದರು. "ಇನ್ನ ಮುಂದ ಯಾರೂ ಬಿಟ್ಟಿ ಹೊಲಿಯೂದು ಬ್ಯಾಡ. ಒಂದೊಂದು ಕೌದಿಗೂ ಕೂಲಿ ಕೊಡ್ತೇನಿ. ಇವತ್ತಿಂದೂ ಹಿಡೀರಿ."

ಬಿಟ್ಟಿ ಅಂದರು. ಅವ್ವನ ಸೀರೆಯ ಮೇಲೆ ಕೂತು, ನನ್ನ ಮೊಮ್ಮಗುವಿಗೆ ಹೊಲಿಯುತ್ತಿದ್ದವರಿಗೆ, ಬಿಟ್ಟಿ ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಯಿ ನನ್ನ ಕಡೆ ತಿರುಗಿದಳು. "ಇದು ಮನೀದೋ, ಯಾಪಾರದ್ದೋ?"

ನಾನು ಬಾಯಿ ತೆರೆಯುವುದರೊಳಗೆ ಇವರು ನಗುತ್ತ, "ಎಲ್ಡೂ ಅಂತ ತಿಳಕೋರಿ," ಎಂದರು.

ಜಗಳವೇನೂ ಆಗಲಿಲ್ಲ. ಚಾಚಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಅವಳ ಸೊಸೆ ಅವಳ ಹಿಂದೆಯೇ ಎದ್ದಳು. ಆಯಿ ತನ್ನ ಸೂಜಿಯನ್ನು ಬಟ್ಟೆಯಿಂದ ಬಿಡಿಸಿಕೊಂಡು, ದಾರ ಹಲ್ಲಿನಿಂದ ಕಡಿದು, ಮೊಣಕಾಲು ಹಿಡಿದುಕೊಂಡು ಎದ್ದಳು. ಮರುದಿನ ಮನೆಮನೆಗೆ ಹೋಗಿ, ಅದು ಮೊಮ್ಮಗುವಿನ ಕೌದಿ, ವ್ಯಾಪಾರದ್ದಲ್ಲ ಅಂತ ಕೈ ಮುಗಿದು ಹೇಳಿದೆ. "ಇರ್ಲಿ ಬಿಡ್ರಿ," ಅಂದರು ಎಲ್ಲರೂ. ಬರಲಿಲ್ಲ. ಉಳಿದದ್ದನ್ನು ನಾನೊಬ್ಬಳೇ ಮೂಲೆಯಿಂದ ಮೂಲೆಗೆ ಸರಿಯುತ್ತ ಹೊಲಿದೆ. ರೊಟ್ಟಿಯ ಚೂರನ್ನೂ ನಾನೇ ಇಟ್ಟೆ. ಅಂಚಿನಲ್ಲಿ ನಾಲ್ಕು ಕೈಯ ಹೊಲಿಗೆ ಇದೆ, ನಡುವೆ ಪೂರ್ತಿ ನನ್ನದೇ. ಕೂಸು ಅದರ ಮೇಲೆ ಚೆನ್ನಾಗಿ ಮಲಗುತ್ತದೆ ಅಂತ ಮಗಳು ಹೇಳುತ್ತಾಳೆ.

ವ್ಯಾಪಾರದ ಸಿದ್ಧತೆ ಇವತ್ತಿಗೂ ಜೋರಾಗಿ ನಡೆದಿದೆ. ಮಾರಲು ಒಂದು ಕೌದಿಯೂ ಇಲ್ಲ. ಅದೊಂದು ಬಿಟ್ಟರೆ ಎಲ್ಲವೂ ಇದೆ.

ಮೊನ್ನೆ ಮಧ್ಯಾಹ್ನ ಇವರು ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಬಳೆದೀಪದ ಮುಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತು, ಫೋನಿಗೆ ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಿದ್ದರು. "ನಮ್ಮ ಓಣಿಯ ತಾಯಂದಿರು ಒಂದೇ ಮನೆಯವರಂತೆ ಕೂಡಿ ಕುಳಿತು, ಹಾಡುತ್ತಾ ಹೊಲಿದ ಕೌದಿಗಳು..." ಅಷ್ಟರಲ್ಲಿ ಗೋಡೆಯ ಆಚೆಯಿಂದ ಹಾಡು ಕೇಳಿಸಿತು. ಆಯಿಯ ಮನೆಯಲ್ಲಿ ಕೌದಿ ಹಾಸಿದ್ದರು. ನನ್ನನ್ನು ಕರೆದಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅದೇ ಮೊದಲು.

ಇವರು ಸಿಡುಕಿನಿಂದ ಫೋನು ಕೆಳಗಿಟ್ಟು ನನ್ನನ್ನು ಕರೆದರು. "ಏ, ಹೋಗಿ ಅವರಿಗೆ ಸ್ವಲ್ಪ ಸುಮ್ನಿರಾಕ ಹೇಳ. ರೆಕಾರ್ಡಿಂಗ್ ಕೆಡಾಕತ್ತೈತಿ."

ನಾನು ಸೂಜಿ ತೆಗೆದುಕೊಂಡು ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ಹಾಡು ನಿಂತಿತು. ನನ್ನ ಮೂಲೆಯಲ್ಲಿ ಚಾಚಿಯ ಮೊಮ್ಮಗಳು ಕೂತಿದ್ದಳು. ಆಯಿ ತಲೆ ಎತ್ತಿ ನೋಡಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಇಲ್ಲಿ ಕೂಲಿ ಇಲ್ಲ, ತಂಗಿ."

"ಗೊತ್ತೈತಿ, ಆಯಿ," ಎಂದೆ.

ಎರಡು ಮೂಲೆಗಳ ನಡುವೆ ಒಂದು ಗೇಣು ಜಾಗವಿತ್ತು. ಅಲ್ಲಿ ಕೂತು ಹೊಲಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಮತ್ತೆ ಹಾಡಲು ಶುರು ಮಾಡಿದರು. ನಾನು ದನಿ ಕೂಡಿಸಲಿಲ್ಲ, ಕೂಡಿಸು ಅಂತ ಯಾರೂ ಅನ್ನಲೂ ಇಲ್ಲ.