ಘಾಟು ಬೇಡ, ಚಟ್ನಿ ಬೇಕು

ಹೆಗ್ಗನಹಳ್ಳಿಯ ಮೂರಂತಸ್ತಿನ ಮನೆಯೊಂದರ ತಾರಸಿ. ಅಲ್ಲೊಂದು ಶೀಟಿನ ಕೋಣೆ. ಬೀದಿಗೆ ಹಾಲಿನವನೂ ಇನ್ನೂ ಬಂದಿಲ್ಲ. ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿಯನ್ನು ಹನುಮವ್ವ ಕಾದ ಎಣ್ಣೆಗೆ ಸುರಿಯುತ್ತಾಳೆ. ಸುರಿದವಳೇ ಉಸಿರು ಬಿಗಿಹಿಡಿದು ಕೆಳಗಿನ ಮನೆಯತ್ತ ಕಿವಿಗೊಡುತ್ತಾಳೆ. ಅಲ್ಲಿ ಯಾರಾದರೂ ಕೆಮ್ಮಿದರೆ ಅವಳ ಕತೆ ಮುಗಿಯಿತು. “ಇನ್ನೊಂದ್ ಸಲ ಆ ಘಾಟು ಬಂದ್ರೆ ಮನೆ ಖಾಲಿ ಮಾಡ್ಬಿಡಮ್ಮ” ಎಂದು ಮನೆಯೊಡತಿ ವೆಂಕಟಲಕ್ಷ್ಮಮ್ಮ ಮೊನ್ನೆಯೇ ಹೇಳಿದ್ದಾಗಿದೆ.

“ಸೀನು ಬಂದ್ರೂ ನನ್ನಿಂದ, ಕೆಮ್ಮು ಬಂದ್ರೂ ನನ್ನಿಂದ. ನಾ ಬರೂಕಿಂತ ಮೊದ್ಲ ಈ ಮನ್ಯಾಗ ಯಾರೂ ಕೆಮ್ಮೇ ಇಲ್ಲೇನ್ರೀ?” ಎಂದು ಸಿಡುಕುತ್ತಲೇ ಸೌಟು ಆಡಿಸುತ್ತಾಳೆ.

ವಿಜಯನಗರದ ಮೆಟ್ರೋ ನಿಲ್ದಾಣದ ಹತ್ತಿರ ಭೈರೇಶ್ ಎಂಬ ಹುಡುಗನ ಮೋಮೋ ಗಾಡಿಯಿದೆ. ಸಂಜೆ ಅಲ್ಲಿ ಕಾಲಿಡಲು ಜಾಗವಿಲ್ಲ. ಮೋಮೋ ಎಂದರೇನು, ಹಬೆಯಲ್ಲಿ ಬೆಂದ ಮೈದಾ ಕಡುಬು. ಅದಕ್ಕೆಲ್ಲಿಯ ರುಚಿ? ರುಚಿಯೆಲ್ಲ ಪಕ್ಕದ ಕೆಂಪು ಚಟ್ನಿಯದು. ಕಣ್ಣುಮೂಗು ಒರೆಸಿಕೊಳ್ಳುತ್ತ ಮೂರು ಸಲ ಚಟ್ನಿ ಹಾಕಿಸಿಕೊಳ್ಳುವ ಜನ, ಅದನ್ನು ಮಾಡಿದವರು ಯಾರೆಂದು ಒಂದು ಸಲವಾದರೂ ಕೇಳಬೇಡವೇ? ಕೇಳುವುದಿಲ್ಲ.

ಹನುಮವ್ವ ಹಾವೇರಿ ಕಡೆಯವಳು. ಇಲ್ಲಿಗೆ ಬಂದ ಮೇಲೆ ಗಾರ್ಮೆಂಟ್ಸ್‌ನಲ್ಲಿ ಅಂಗಿಯ ಕಾಲರ್ ಹೊಲಿದು ಹೊಲಿದು ಸೊಂಟ ಹಿಡಿಯಿತು, ಕೆಲಸ ಬಿಟ್ಟಳು. ಗಂಡ ಈರಪ್ಪ ಗೋಡೆಗೆ ಬಣ್ಣ ಹೊಡೆಯುತ್ತಾನೆ. ಬಾಟಲಿ ಸಾಸ್ ಯಾರೂ ಮುಟ್ಟುತ್ತಿಲ್ಲವೆಂದು ಭೈರೇಶ್ ಗೋಳಾಡಿದಾಗ “ನನ್ ಹೇಣ್ತಿ ಮಾಡ್ತಾಳ ತಗೋ” ಎಂದು ಒಪ್ಪಿಕೊಂಡು ಬಂದವನೂ ಅವನೇ. ಮೋಮೋ ಯಾವ ಕಡೆಯಿಂದ ತಿನ್ನುತ್ತಾರೆಂದೂ ತಿಳಿಯದ ಹನುಮವ್ವ ತನ್ನ ಕೈಗೆ ಗೊತ್ತಿದ್ದ, ರೊಟ್ಟಿಗೆ ಹಚ್ಚಿಕೊಳ್ಳುವ ರಂಜಕ ಮಾಡಿ ಕಳಿಸಿದಳು. ಮೆಣಸಿನಕಾಯಿ, ನಿಂಬೆರಸ, ಮೆಂತ್ಯ, ಇಂಗು!

“ಅಕ್ಕ, ರೊಟ್ಟಿ ಇದ್ದಿದ್ರೆ ನಾನೇ ಡಬ್ಬ ಖಾಲಿ ಮಾಡ್ತಿದ್ದೆ. ಮೋಮೋಗೆ ಇಂಗಾ?” ಎಂದು ಭೈರೇಶ್ ತಲೆ ಚಚ್ಚಿಕೊಂಡನಂತೆ.

ಮೆಂತ್ಯ, ಇಂಗು ಹೋದವು. ಬೇಯಿಸಿದ ಟೊಮೆಟೊ, ಬೆಳ್ಳುಳ್ಳಿ, ಚೂರು ವಿನಿಗರ್, ಸೋಯಾ ಸಾಸ್ ಬಂದವು. ಮೆಣಸಿನಕಾಯಿಯನ್ನು ಕಪ್ಪುಗಟ್ಟುವ ಹಾಗೆ ಹುರಿಯುವುದನ್ನು ಮಾತ್ರ ಅವಳು ಬಿಡಲಿಲ್ಲ. ಜನ ಮುಗಿಬಿದ್ದಿದ್ದೇ ಆ ಹುರಿದ ರುಚಿಗೆ.

ಹುರಿದರೆ ಘಾಟು ಏಳದೆ ಇರುತ್ತದೆಯೇ? ಕೆಳಗಿನವರು ಕೆಮ್ಮಿದರು, ಪಕ್ಕದವರು ಬೈದರು. ಕಿಟಕಿ ಮುಚ್ಚಿರುವ ಹೊತ್ತೆಂದು ನಸುಕಿನಲ್ಲಿ ಹುರಿದರೆ ಬಚ್ಚಲ ಗವಾಕ್ಷಿಯಿಂದ ಒಳಗೆ ನುಗ್ಗಿತು. ಹಾಳಾಗಲಿ ಎಂದು ನಿನ್ನೆ ಹುರಿಯದೆ ಬರೀ ಬೇಯಿಸಿ ಕಳಿಸಿದಳು. ಭೈರೇಶ್ ಡಬ್ಬ ವಾಪಸ್ ತಂದಿಟ್ಟ. “ಜನ ಪ್ಲೇಟಲ್ಲೇ ಬಿಟ್ಟು ಹೋಗ್ತಾವ್ರೆ ಅಕ್ಕ. ಹಿಂಗಾದ್ರೆ ನಂಗೆ ಬಾಟ್ಲಿನೇ ಗತಿ.”

ಮೈ ಉರಿಸುವ ಸಂಗತಿ ಇನ್ನೊಂದಿದೆ. ವೆಂಕಟಲಕ್ಷ್ಮಮ್ಮನ ಸೊಸೆ ಚೈತ್ರ ಇದೇ ಗಾಡಿಯಿಂದ ಮೋಮೋ ಪಾರ್ಸಲ್ ಒಯ್ಯುತ್ತಾಳೆ. “ಅಣ್ಣ, ಚಟ್ನಿ ಎಕ್ಸ್‌ಟ್ರಾ ಹಾಕಿ” ಎಂದು ಬೇರೆ ಕೇಳುತ್ತಾಳೆ.

ಅದಕ್ಕೇ ಈ ಹೊಸ ದಾರಿ. ಒಣಗಿದ್ದನ್ನು ಹುರಿದರೆ ತಾನೇ ಘಾಟು? ನೆನೆಸಿ ರುಬ್ಬಿದ್ದನ್ನು ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಬಾಡಿಸಬೇಕು. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ, ನಿಲ್ಲಿಸದಿದ್ದರೆ ಮುಂಗೈಗೆ ಸಿಡಿಯುತ್ತದೆ. ಹಿಡಿದ ಸೊಂಟವನ್ನು ಗೋಡೆಗೆ ಆನಿಸಿ ನಿಂತ ಹನುಮವ್ವ ಶೀಟಿನ ಮೇಲೆ ಬಿಸಿಲು ಬೀಳುವವರೆಗೂ ತಿರುವುತ್ತಾಳೆ. ಹಸಿ ವಾಸನೆ ಹೋಗುತ್ತದೆ, ಬಣ್ಣ ಕಡುವಾಗುತ್ತದೆ, ಹುರಿದ ಪರಿಮಳ ಏಳುತ್ತದೆ. ಕೆಳಗೆ ಯಾರೂ ಕೆಮ್ಮುವುದಿಲ್ಲ.

ಟೊಮೆಟೊ ಬೆರೆತು ಚಟ್ನಿ ಆರುವ ಹೊತ್ತಿಗೆ ಭೈರೇಶ್ ಬಂದು ಬೆರಳದ್ದಿ ಚೀಪುತ್ತಾನೆ. “ರುಚಿ ಬಂತು ಅಕ್ಕ, ಇದೇ! ಬಾಟ್ಲಿ ಮಾತೇ ಇಲ್ಲ ಇನ್ನು.”

ಅವನ ದನಿ ಕೇಳಿ ವೆಂಕಟಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಬರುತ್ತಾರೆ. ಹನುಮವ್ವ ಬಾಣಲೆಗೆ ಅಡ್ಡ ನಿಲ್ಲುತ್ತಾಳೆ.

“ಇವತ್ತು ಹುರೀಲಿಲ್ವೇನಮ್ಮ?”

“ಹುರದೇನ್ರೀ ಅಮ್ಮಾರ. ನೆನಸಿ ರುಬ್ಬಿದ್ದು ಹುರದೇನಿ.”

“ನಿಮ್ ಸೊಸೆ ಎಕ್ಸ್‌ಟ್ರಾ ಹಾಕಿಸ್ಕೊಳ್ಳೋದು ಇದನ್ನೇ ಆಂಟಿ” ಎಂದು ಭೈರೇಶ್ ಬಾಯಿಬಿಡುತ್ತಾನೆ.

ವೆಂಕಟಲಕ್ಷ್ಮಮ್ಮ ಅವನನ್ನು ನೋಡುತ್ತಾರೆ, ಡಬ್ಬ ನೋಡುತ್ತಾರೆ. ಅಂಗೈಗೆ ಒಂದು ಹನಿ ಹಾಕಿಸಿಕೊಂಡು ನೆಕ್ಕುತ್ತಾರೆ. “ಹೂಂ. ಹಿಂಗೇ ಮಾಡ್ಕೊಂಡು ಇರು. ಆದ್ರೆ ಖಾರ ಸಾಲ್ದು ಕಣಮ್ಮ” ಎಂದು ಇಳಿದು ಹೋಗುತ್ತಾರೆ.

ಹನುಮವ್ವ ಹಣೆ ಬಡಿದುಕೊಳ್ಳುತ್ತಾಳೆ. “ನಂಗ ಅಂಗಡಿ ಬ್ಯಾಡ್ರಿ, ಬೋರ್ಡ್ ಬ್ಯಾಡ. ಇದ ಮನ್ಯಾಗ ಇದ್ದು ಇದನ್ನ ಮಾಡ್ಕೊಂಡ್ ಹೋದ್ರ ಸಾಕು” ಎನ್ನುತ್ತ ಬಾಣಲೆ ಉಜ್ಜಲು ಕೂರುತ್ತಾಳೆ. ಸಿಟ್ಟು ಇಳಿದಿಲ್ಲ. “ಖಾರ ಸಾಲದಂತ! ನಾಳಿ ಗುಂಟೂರು ಕಾಯಿ ಒಂದ್ ಹಿಡಿ ಹೆಚ್ಚಿಗಿ ಹಾಕ್ತೇನಿ. ಯಾರು ಕೆಮ್ಮತಾರ, ನೋಡೇಬಿಡೂಣು.”